ರಸೆಲ್‌ನ ಬಾಗಿಲ ಬೆಲ್

ನಗಬೇಡ ನೋರೀನ್, ನಕ್ಕರೆ ಬಿದ್ದು ಪೆಟ್ಟಾದ ಸೊಂಟ ನೋಯುತ್ತೆ ಅಂತ ನೀನೇ ಅಂದಿದ್ದು. ಪೂರ್ತಿ ಕೇಳು. ಬೆಲ್ ಹೊಡೀತು, ನಿನ್ನ ಎದುರುಮನೆ ರಸೆಲ್ ಚಡ್ಡಿಯಲ್ಲೇ ಓಡಿಬಂದ. ಬಾಗಿಲಲ್ಲಿ ಯಾರೂ ಇಲ್ಲ! ಗುಲಾಬಿ ಗಿಡದ ಹಿಂದೆಲ್ಲ ಬಗ್ಗಿ ನೋಡಿದ. ಒಳಗೆ ಹೋದ. ಈ ಡಬ್ಬಿ ಗುಂಡಿ ಮತ್ತೆ ಒತ್ತಿದೆ. ಮತ್ತೆ ಬಂದ. ನಾನು ನನ್ನ ಶೆಡ್ಡಿನ ಕಿಟಕಿಯಲ್ಲಿ, ಬಿಯರ್ ಹಿಡ್ಕೊಂಡು... ಆಹಾ.

ಪಾಪ ಅಂತೀಯಾ? ಅವನಿಗಾ? ನನ್ನ ರೇಡಿಯೋ ಏರಿಯಲ್ ಕಂಬದ ಮೇಲೆ ಊರಿನ ಕೌನ್ಸಿಲ್‌ಗೆ ದೂರು ಕೊಟ್ಟೋನು ಯಾರು? ಸಮುದ್ರ ಕಾಣಲ್ವಂತೆ ಅವನಿಗೆ. ನಾನೇ ಕೈಯಾರೆ ನಿಲ್ಲಿಸಿದ ಕಂಬ ಕಣೇ ಅದು. ನನ್ನ ಹೆಂಡತಿ ಮಾರ್ಜ್ ಸತ್ತ ಮೇಲೆ ಸಂಜೆ ಹೊತ್ತು ನಾನು ಮಾತಾಡ್ತಿದ್ದಿದ್ದು ರೇಡಿಯೋದಲ್ಲಿ, ಟೋಂಗಾ ದ್ವೀಪದ ಟೆವಿಟನ ಹತ್ರ. ಕಂಬ ಇಳಿಸಿದ ದಿನ ಅವನ ದನಿ ನಿಂತೋಯ್ತು. ಈ ರಸೆಲ್ ವರಾಂಡದಲ್ಲಿ ಸಾಸೇಜ್ ಸುಡ್ತಾ ನಿಂತು ನೋಡಿದ. ಸುಮ್ಮನೆ ಬಿಡ್ತಾನಾ ಈ ಆಲ್ಬಿ?

ಹೇಗೆ ಅಂದರೆ... ರಸೆಲ್‌ನ ಬೆಲ್ಲಿಗೆ ತಂತಿ ಇಲ್ಲ. ಗುಂಡಿ ಒತ್ತಿದರೆ ರೇಡಿಯೋ ಸಂಕೇತ ಗಾಳಿಯಲ್ಲಿ ಹೋಗುತ್ತೆ. ಪೋಸ್ಟಿನವನು ಒತ್ತಿದಾಗ ಶೆಡ್ಡಲ್ಲಿ ಕೂತು ಹಿಡಿದೆ. ಕಂಪ್ಯೂಟರ್ ಪರದೆ ಮೇಲೆ ಹರಡಿ ಬಿಡಿಸಿದೆ. ಉದ್ದ, ಗಿಡ್ಡ, ಗಿಡ್ಡ, ಉದ್ದ. ರೇಡಿಯೋದ ಮೋರ್ಸ್ ಸಂಕೇತ ಓದೋನಿಗೆ ಅದೇನು ಮಹಾ? ಅದನ್ನೇ ತಿರುಗಿ ಕಳಿಸೋ ಈ ಡಬ್ಬಿ ಮಾಡಿದೆ. ಅವರ ಗುಂಡಿ ಬಾಗಿಲಿಂದ ಅಡುಗೆಮನೆಗೆ ಮುಟ್ಟಿದರೆ ಹೆಚ್ಚು. ನಂದು? ಹಳೇ ಏರಿಯಲ್ಲಿನ ತುಂಡು ಸಿಕ್ಕಿಸಿದೀನಿ, ಇಡೀ ಬೀದಿಗೆ ಮುಟ್ಟುತ್ತೆ!

ಹ್ಞಾಂ? ಇಲ್ಲ ಇಲ್ಲ. ಇಡೀ ಬೀದಿ ಅಂದರೆ... ಹೊಡೆಯೋದು ಅವನ ಬೆಲ್ ಒಂದೇ. ಒಂದೊಂದು ಬೆಲ್ಲಿಗೆ ಒಂದೊಂದು ಸಂಕೇತ ಇರುತ್ತೆ. ಇರಬೇಕು. ಲ್ಯಾಮಿಂಗ್ಟನ್ ಕೇಕ್ ತಗೋ, ನಿನಗೇ ಅಂತ ತಂದೆ.

ನೀನು ಬಾಗಿಲು ತೆಗೆಯೋಕೆ ಹೋಗಿ ಬಿದ್ದ ದಿನ ನಿನ್ನ ಬೆಲ್ ಹೊಡೆದಿದ್ದು ಬೀದಿ ಹುಡುಗರು. ಒತ್ತಿ ಓಡಿಹೋಗ್ತಾರೆ, ಪೋಲಿಗಳು. ಅದಕ್ಕೇ ಆ ಬೆಲ್ ಬಿಚ್ಚಿ ಎಸೀತೀನಿ ಅಂದಿದ್ದು, ಸ್ಕ್ರೂಡ್ರೈವರೂ ತಂದಿದೀನಿ... ಯಾಕೆ ಕೈ ಅಡ್ಡ ಹಿಡೀತೀಯ? ಹೌದು, ಸೇಲಿನಲ್ಲಿ ನೀನೂ ಅವನೂ ಒಂದೇ ಥರದ ಬೆಲ್ ತಂದಿರಿ. ಅದಕ್ಕೇನೀಗ?

ಡಬ್ಬಿ ಇಲ್ಲಿ ಕೊಡು. ನೋರೀನ್, ಒತ್ತಬೇಡ. ಬೇಡ ಅಂದೆನಲ್ಲ...

ಹ್ಞೂಂ. ಹೊಡೀತು. ನಿನ್ನ ಅಡುಗೆಮನೆಯಲ್ಲೇ ಹೊಡೀತು.

ಬೈಯಿ.

ಹಾಗೆ ನೋಡಬೇಡ ಕಣೇ... ಗೊತ್ತಿತ್ತು. ನಿನ್ನ ಬೆಲ್ಲೂ ಹೊಡೆಯುತ್ತೆ ಅಂತ ನೀನು ಬೀಳೋಕೆ ಮುಂಚೇನೇ ಗೊತ್ತಿತ್ತು. ಶೆಡ್ಡಿಂದ ಕಂಡಿತು. ನೀನು ತಲೆ ಬಾಚ್ಕೊಂಡು, ಕೋಲೂರಿಕೊಂಡು ಬಾಗಿಲಿಗೆ ಬಂದೆ, ಯಾರೋ ಬಂದರು ಅಂತ. ಆದರೆ ಎದುರುಗಡೆ ರಸೆಲ್ಲೂ ಹೊರಗೆ ಬಂದಿದ್ದ. ಮುಖ ಕೆಂಪಗಾಗಿತ್ತು ಅವನದು. ನೀವಿಬ್ಬರೂ ಒಳಗೆ ಹೋಗೋ ತನಕ ಕಾದೆ. ಆಮೇಲೆ ಇನ್ನೊಂದು ಸಲ ಒತ್ತಿದೆ.