ಗರಿ, ಕಂಬ ಮತ್ತು ನಡುವೆ ನಾನು

ಮಾನ್ಯ ಅಧ್ಯಕ್ಷರೇ, ಇಂದು ನಮ್ಮ ಅಭಿನಂದನೆಗೆ ಪಾತ್ರರಾಗಿರುವ ಅಪ್ರತಿಮ ಬ್ಯಾಲೆ ಜೋಡಿಯೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ಮೊದಲ ಸಾಲಿನಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಉಳಿದ ಗಣ್ಯರೇ, ಪತ್ರಕರ್ತ ಮಿತ್ರರೇ ಮತ್ತು ಕಲಾರಸಿಕ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೈದು ವರ್ಷ ಈ ರಂಗಮಂದಿರದ ಕಾರ್ಯದರ್ಶಿಯಾಗಿ ಬೇರೆಯವರಿಗೆ ಐದೈದು ನಿಮಿಷ ಹಂಚಿದವನು ನಾನು. ಹಾಗೆ ಕೊಟ್ಟ ಐದು ನಿಮಿಷ ಎಂದೂ ಐದಕ್ಕೆ ಮುಗಿದದ್ದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಂದು ನಾವು ಸೇರಿರುವುದು ಒಂದು ಯುಗಳನೃತ್ಯವನ್ನು ಕೊಂಡಾಡಲು. ‘ನಾವಿಕನ ಹೆಂಡತಿ’ ಎಂಬ ಬ್ಯಾಲೆಗೆ ಮೂರು ಅಂಕಗಳಿವೆ. ಮೊದಲೆರಡು ಅಂಕಗಳಲ್ಲಿ ಏನಿದೆಯೆಂದು ಕೇಳಿದರೆ ಈ ಸಭಾಂಗಣದಲ್ಲಿ ಹತ್ತು ಜನ ಉತ್ತರ ಹೇಳಿಯಾರೇ? ಅನುಮಾನ. ಆಗ ಎಲ್ಲರೂ ಹೊರಗೆ ಕಾಫಿ ಕುಡಿಯುತ್ತಿರುತ್ತಾರೆ. ಮೂರನೆಯ ಅಂಕದಲ್ಲಿ ಹಡಗು ಹೊರಡಲು ಒಂಬತ್ತು ನಿಮಿಷ ಉಳಿದಿರುತ್ತದೆ. ನಾವಿಕ, ಅವನ ಹೆಂಡತಿ, ಖಾಲಿ ಬಂದರುಕಟ್ಟೆ. ಆ ಒಂಬತ್ತು ನಿಮಿಷಕ್ಕಾಗಿ ಜನ ಓಡೋಡಿ ಒಳಗೆ ಬರುತ್ತಾರೆ, ಅಕ್ಕಪಕ್ಕದವರ ಕಾಲು ತುಳಿಯುತ್ತಾರೆ, ಕೂರುತ್ತಾರೆ, ಮತ್ತೆ ಉಸಿರಾಡುವುದಿಲ್ಲ. ಕೊನೆಯ ನಿಮಿಷದಲ್ಲಿ ಆಕೆ ಓಡಿ ಬಂದು ಹಾರುತ್ತಾಳೆ. ಆತ ಒಂದೇ ಕೈಯಲ್ಲಿ ಆಕೆಯನ್ನು ತಲೆಯ ಮೇಲೆ ಎತ್ತಿ ನಿಲ್ಲಿಸುತ್ತಾನೆ. ಹಡಗಿನ ಕಹಳೆ ಮೊಳಗುತ್ತದೆ. ಆಕೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳುತ್ತಾಳೆ. ನೆಲಕ್ಕೆ ಒಂದು ಗೇಣಿದೆ ಎನ್ನುವಾಗ ಆತ ಹಿಡಿಯುತ್ತಾನೆ.

ಅದನ್ನು ನಾನು ನಾನೂರ ಹನ್ನೆರಡು ಸಲ ನೋಡಿದ್ದೇನೆ. ವೇದಿಕೆಯ ಎಡಗಡೆಯ ಮರೆಯಲ್ಲಿ, ಸೈಡ್ ವಿಂಗಿನಲ್ಲಿ ನಿಂತು ನೋಡುವ ಭಾಗ್ಯ ನನ್ನದು. ಆದ್ದರಿಂದ ಈ ಮಹಾಕೃತಿಯ ಎಡಮಗ್ಗುಲು ನನಗೆ ಕಂಠಪಾಠ. ಬಲಮಗ್ಗುಲು ಹೇಗಿದೆಯೋ ನೋಡಿದವರು ಹೇಳಬೇಕು.

ಇಪ್ಪತ್ತೆರಡು ವರ್ಷ ಈ ಪಾತ್ರಗಳನ್ನು ಮಾಡಿದ ಇವರಿಬ್ಬರನ್ನು ಊರಿನ ಜನ ಪ್ರೀತಿಯಿಂದ ಗರಿ ಮತ್ತು ಕಂಬ ಎಂದು ಕರೆಯುತ್ತಾರೆ. ಆಕೆ ಗಾಳಿಯಲ್ಲಿ ಇಳಿಯುವ ರೀತಿಗೆ ಗರಿ, ಆತ ಕೆಳಗೆ ನಿಲ್ಲುವ ರೀತಿಗೆ ಕಂಬ. ಇವರ ಬಗ್ಗೆ ಬರೆಯದ ವಿಮರ್ಶಕರುಂಟೇ? ಇಲ್ಲೇ ಎರಡನೆಯ ಸಾಲಿನಲ್ಲಿರುವ ನಮ್ಮ ಹಿರಿಯ ವಿಮರ್ಶಕರು ಬರೆದರು: “ಈ ಬೀಳುವಿಕೆ ಬೀಳುವಿಕೆಯಲ್ಲ, ವಿಶ್ವಾಸದ ಪರಮಾವಧಿ. ಎರಡು ದೇಹಗಳು, ಒಂದೇ ಉಸಿರು.” ಪ್ರದರ್ಶನಕ್ಕೆ ಮುಂಚೆ ಇವರಿಬ್ಬರೂ ಎದುರುಬದುರು ವಿಂಗುಗಳಲ್ಲಿ ಕಣ್ಣು ಮುಚ್ಚಿ ನಿಲ್ಲುವುದನ್ನು ಕಂಡು ಅದೇ ವಿಮರ್ಶಕರು, “ಅದೊಂದು ಜಂಟಿ ಧ್ಯಾನ” ಎಂದರು. ದಂಪತಿಗಳ ಜಗಳ ಬಿಡಿಸುವ ಸಲಹೆಗಾರರೊಬ್ಬರು ತಮ್ಮ ಕೊಠಡಿಯಲ್ಲಿ ಈ ನೃತ್ಯದ ಚಿತ್ರವನ್ನೇ ತೂಗುಹಾಕಿದ್ದಾರೆ. ಬಂದ ಗಂಡಹೆಂಡಿರಿಗೆ ಮೊದಲು ಅದನ್ನು ತೋರಿಸಿ, “ಹೀಗಿರಬೇಕು ನೋಡಿ” ಎನ್ನುತ್ತಾರಂತೆ.

ಸಭಿಕರೇ, ಈಗ ಇಬ್ಬರೂ ನಿವೃತ್ತರಾದ ಮೇಲೆ ಹೇಳಲು ಅಡ್ಡಿಯಿಲ್ಲ. ಈ ಇಬ್ಬರೂ ವೇದಿಕೆಯ ಹೊರಗೆ ಒಬ್ಬರಿಗೊಬ್ಬರು ಮಾತಾಡಿ ಹತ್ತೊಂಬತ್ತು ವರ್ಷವಾಯಿತು. ಈಗಲೂ ನೋಡಿ, ಅಧ್ಯಕ್ಷರನ್ನು ನಡುವೆ ಕೂರಿಸಿದ್ದೇವೆ. ಅಧ್ಯಕ್ಷರ ಗಾತ್ರವನ್ನು ನೋಡಿಯೇ ಅವರನ್ನು ಆರಿಸಿದೆವು ಎಂದು ಯಾರೂ ತಪ್ಪು ತಿಳಿಯಬಾರದು.

ಹಾಗಾದರೆ ಮಾತಿಲ್ಲದೆ ಕೆಲಸ ಹೇಗೆ ನಡೆಯಿತು? ನನ್ನಿಂದ ನಡೆಯಿತು. ಹೇಳುವವರು ಯಾರೂ ಇಲ್ಲದ್ದರಿಂದ ನಾನೇ ಹೇಳಿಕೊಳ್ಳಬೇಕು. ಎಡ ಗ್ರೀನ್ ರೂಮಿನಿಂದ ಬಲ ಗ್ರೀನ್ ರೂಮಿಗೆ ಅರವತ್ತೆರಡು ಹೆಜ್ಜೆ. ಒಂದು ಸಂಜೆ ಗರಿ ಮೇಡಂ ಹೇಳಿದರು: “ಆ ಮನುಷ್ಯನಿಗೆ ಹೇಳಿ, ಉಗುರು ಕತ್ತರಿಸ್ಕೊಂಡು ಬರ್ಲಿ. ನನ್ನ ಸೊಂಟ ಏನು ಹಲಸಿನಕಾಯಿನಾ, ಹಾಗೆ ಪರಚೋದಕ್ಕೆ?” ನಾನು ಅರವತ್ತೆರಡು ಹೆಜ್ಜೆ ನಡೆದು ಹೇಳಿದೆ: “ಸಾರ್, ಮೇಡಂ ನಿಮ್ಮ ಕೈಗಳ ಆರೋಗ್ಯ ವಿಚಾರಿಸಿದ್ರು.” ಅವರು ಅಂದರು: “ಅವಳಿಗೆ ಹೇಳಿ, ಹಸಿ ಈರುಳ್ಳಿ ತಿಂದು ನನ್ನ ಮುಖದ ಮೇಲೆ ಬೀಳೋದು ಬೇಡ ಅಂತ.” ನಾನು ವಾಪಸು ಬಂದು ಹೇಳಿದೆ: “ಮೇಡಂ, ನಿಮ್ಮ ಊಟ ಉಪಚಾರದ ಬಗ್ಗೆ ಸಾರ್‌ಗೆ ಬಹಳ ಕಾಳಜಿ.”

ಇದನ್ನು ನಾನು ಸಂಸ್ಕರಣೆ ಎಂದು ಕರೆಯುತ್ತೇನೆ. ನನ್ನ ಹೆಂಡತಿ ಬೇರೆ ಹೆಸರಿನಿಂದ ಕರೆಯುತ್ತಾಳೆ. ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ಬೂದುಬಣ್ಣದ ಸ್ವೆಟರು. ಒಂದು ಸಲ ಅಂದಳು: “ಅವರಿಬ್ಬರ ಮಾತು ತಿದ್ದಿ ತಿದ್ದಿ ನಿಮಗೆ ನೇರವಾಗಿ ಮಾತೇ ಬರದ ಹಾಗಾಗಿದೆ. ಸಾರಿಗೆ ಉಪ್ಪು ಜಾಸ್ತಿ ಆಗಿದ್ರೆ ಜಾಸ್ತಿ ಆಗಿದೆ ಅನ್ನಿ. ‘ಇವತ್ತಿನ ಸಾರಿಗೆ ಒಂದು ವ್ಯಕ್ತಿತ್ವ ಇದೆ’ ಅಂದ್ರೆ ನಾನೇನು ತಿಳ್ಕೋಬೇಕು?” ಇರಲಿ. ಮನೆಯ ಮಾತು ಮನೆಯಲ್ಲಿ.

ಹೀಗಿದ್ದೂ ಆಕೆ ಕಣ್ಣು ಮುಚ್ಚಿ ಬೀಳುತ್ತಿದ್ದುದು ಹೇಗೆ? ನಾನು ಒಮ್ಮೆ ಕೇಳಿಯೇಬಿಟ್ಟೆ. ಅವರು ತುದಿಗಾಲಿನ ಶೂಗಳ ಪಟ್ಟಿ ಹೊಲಿಯುತ್ತಿದ್ದರು. ತಲೆ ಎತ್ತದೆ ಅಂದರು: “ನಂಬಿಕೆ ಗಿಂಬಿಕೆ ಏನಿಲ್ಲ ರೀ. ಬಿದ್ರೆ ಬೀಳ್ತೀನಿ. ಊರೆಲ್ಲ ನೋಡ್ಲಿ, ಅವನು ಎಂಥವನು ಅಂತ.” ವಿಮರ್ಶಕರು ಇದನ್ನೇ ವಿಶ್ವಾಸದ ಪರಮಾವಧಿ ಎಂದದ್ದು.

ಇನ್ನು ಕಂಬದವರು. ಅವರ ಕೊಠಡಿಯ ಮೂಲೆಯಲ್ಲಿ ಒಂದು ಮರಳಿನ ಚೀಲವಿತ್ತು. ಮೇಡಂ ಎಷ್ಟು ತೂಗುತ್ತಾರೋ ಅಷ್ಟೇ ತೂಕ. ದಿನಾ ಬೆಳಗ್ಗೆ ಅದನ್ನು ನಲವತ್ತು ಸಲ ಎತ್ತುತ್ತಿದ್ದರು, ನಲವತ್ತು ಸಲ ಬೀಳಿಸಿ ಹಿಡಿಯುತ್ತಿದ್ದರು. ಮೇಡಂ ಅರ್ಧ ಕಿಲೋ ದಪ್ಪಗಾದರೆ ಚೀಲಕ್ಕೆ ಅರ್ಧ ಕಿಲೋ ಮರಳು ಬೀಳುತ್ತಿತ್ತು. ಉಡುಪು ಹೊಲಿಯುವಾಕೆಯಿಂದ ಅಳತೆ ತಿಳಿದುಕೊಳ್ಳುತ್ತಿದ್ದರು. “ಇಷ್ಟೊಂದು ಯಾಕೆ ಸಾರ್, ವಯಸ್ಸಾಯ್ತು” ಎಂದೆ ನಾನು. ಅವರು ಚೀಲವನ್ನು ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ, ನೆಲಕ್ಕಿಟ್ಟರು. “ಒಂದು ಸಲ ಹಿಡೀಲಿಲ್ಲ. ಇನ್ನೊಂದು ಸಲ ಹಾಗಾಗಬಾರದು” ಅಂದರು. ಈ ಮಾತನ್ನು ನಾನು ಆ ಕಡೆಗೆ ತಲುಪಿಸಲಿಲ್ಲ. ತಲುಪಿಸಿ ಎಂದು ಅವರು ಹೇಳಲಿಲ್ಲವಲ್ಲ.

ಆ ಒಂದು ಸಲದ ಬಗ್ಗೆ ಈ ಊರಿನಲ್ಲಿ ಬಹಳ ಸುಳ್ಳು ಹಬ್ಬಿದೆ. ಇಂಥ ಪವಿತ್ರ ಸಂದರ್ಭದಲ್ಲಿ ಅದನ್ನು ತೊಡೆದುಹಾಕದಿದ್ದರೆ ನಾನೆಂಥ ಕಾರ್ಯದರ್ಶಿ? ಹತ್ತೊಂಬತ್ತು ವರ್ಷದ ಹಿಂದೆ, ಇದೇ ವೇದಿಕೆ, ಹಗಲಿನ ತಾಲೀಮು. ಆಗ ಇವರಿಬ್ಬರ ಮದುವೆಗೆ ಒಂದು ತಿಂಗಳಿತ್ತು. ಹೌದು, ಹೊಸಬರಿಗೆ ಗೊತ್ತಿರಲಾರದು. ದರ್ಜಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ ನೋಡಿದ್ದರು. ಗೋಡೆಗೆ ಹಳದಿ ಬಳಿಯುವುದೋ ಬಿಳಿ ಬಳಿಯುವುದೋ ಎಂದು ಇಬ್ಬರೂ ತಾಲೀಮಿನ ನಡುವೆಯೇ ವಾದ ಮಾಡುತ್ತಿದ್ದರು. ಬಂದರುಕಟ್ಟೆಯಲ್ಲಿ ಅಗಲಬೇಕಾದ ಗಂಡ ಹೆಂಡತಿ ನಕ್ಕುಬಿಡುತ್ತಿದ್ದರು. ನಾನೇ ಎಷ್ಟೋ ಸಲ ಗದರಿಸಿದ್ದೇನೆ.

ಆ ದಿನ ಮೇಡಂ ಓಡಿ ಬಂದು ಹಾರಿದರು. ಸಾರ್ ಕೈ ಎತ್ತಲಿಲ್ಲ. ಆಕೆ ಹಲಗೆಯ ಮೇಲೆ ಬಿದ್ದರು, ಭುಜದ ಮೂಳೆ ಮುರಿಯಿತು. ಸಾರ್ ಮೈಮರೆತು ನಿಂತಿದ್ದರು ಎಂದು ಕೆಲವರು ಆಡಿಕೊಂಡರು. ಇದು ಅಪ್ಪಟ ಸುಳ್ಳು. ಅಂದು ಬೆಳಗ್ಗೆ ಒಂಬತ್ತು ಗಂಟೆಗೇ ಅವರು ನನ್ನ ಕೊಠಡಿಗೆ ಬಂದು, “ಬಲಗೈ ಬೆರಳು ಜೋಮು ಹಿಡಿದಿವೆ, ಲೋಟ ಕೂಡ ನಿಲ್ತಿಲ್ಲ. ಇವತ್ತು ಎತ್ತೋದು ಬೇಡ, ನಡಿಗೆ ಮಾತ್ರ ಮಾಡೋಣ ಅಂತ ಅವಳಿಗೆ ಹೇಳಿಬಿಡಿ” ಎಂದಿದ್ದರು. ಎಂಥ ಜವಾಬ್ದಾರಿಯ ಮನುಷ್ಯ ನೋಡಿ. ತಾಲೀಮಿನ ಯಾವ ಬದಲಾವಣೆಯೂ ಕಾರ್ಯದರ್ಶಿಯ ಮೂಲಕವೇ ಆಗತಕ್ಕದ್ದು ಎಂಬ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದವರು ಈ ಸಂಸ್ಥೆಯಲ್ಲಿ ಅವರೊಬ್ಬರೇ.

ಹಾಗೆಯೇ, ಬೇಡ ಎಂದರೂ ಮೇಡಂ ಹಠಕ್ಕೆ ಬಿದ್ದು ಹಾರಿದರು ಎನ್ನುವುದೂ ಸುಳ್ಳು. ಅವರು ಅಂಥವರಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಅವರಿಗೆ ಯಾರೂ…

ಒಂದು ನಿಮಿಷ. ನೀರು ಕುಡಿಯುತ್ತೇನೆ.

ಸಭಿಕರೇ, ಅಂದು ಹನ್ನೊಂದು ಗಂಟೆಗೆ ನಮ್ಮ ಸಂಸ್ಥೆಗೆ ಹಣ ಕೊಡುವ ಪೋಷಕ ಸಮಿತಿಯವರು ಬರುವವರಿದ್ದರು. ಏಳು ಜನ. ಆ ಹಾರುವಿಕೆಯನ್ನು ನೋಡಲೆಂದೇ ಬರುತ್ತಿದ್ದವರು. ಅವರಿಗೆ ಹಾರದ ಗರಿಯನ್ನು ತೋರಿಸುವುದು ಹೇಗೆ? ಜೋಮು ತಾನೆ, ಬಿಸಿನೀರಿನಲ್ಲಿ ಅದ್ದಿದರೆ ಹೋಗುತ್ತದೆ ಎಂದುಕೊಂಡೆ. ಕುರ್ಚಿ ಒರೆಸಿಸುವುದಿತ್ತು, ಹೂಗುಚ್ಛ ಬಂದಿರಲಿಲ್ಲ. ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ…

ಆಸ್ಪತ್ರೆಯ ಬಾಗಿಲಲ್ಲಿ ಎರಡು ಸಲ ಸಾರ್ ಅವರನ್ನು ನಾನೇ ತಡೆದು ಕಳಿಸಿದೆ. ಡಾಕ್ಟರು ಯಾರನ್ನೂ ಬಿಡುತ್ತಿಲ್ಲ ಎಂದೆ. ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಒಳಗೆ ಮೇಡಂ, “ಯಾಕೆ ಹಿಡೀಲಿಲ್ಲ ಅಂತ ಅವನನ್ನ ಕೇಳಿ, ಅಷ್ಟೇ ಕೇಳಿ” ಎಂದರು. ಹೊರಗೆ ಸಾರ್, “ಬೇಡ ಅಂತ ಹೇಳಿ ಕಳಿಸಿದ್ನಲ್ಲ, ಯಾಕೆ ಹಾರಿದೆ ಅಂತ ಕೇಳಿ” ಎಂದರು. ಈ ಎರಡು ವಾಕ್ಯಗಳು ಒಂದು ಬಾಗಿಲು ದಾಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ನಾನು ಒಳಗೆ ಹೋಗಿ, “ಸಾರ್ ಮಾತಾಡುವ ಸ್ಥಿತಿಯಲ್ಲಿಲ್ಲ” ಎಂದೆ. ಹೊರಗೆ ಬಂದು, “ಮೇಡಂ ಸದ್ಯಕ್ಕೆ ನಿಮ್ಮ ಮುಖ ನೋಡೋಲ್ಲ ಅಂದ್ರು” ಎಂದೆ. ಎರಡು ವಾರದ ನಂತರ ದರ್ಜಿ ಅಂಗಡಿಯ ಮೇಲಿನ ಮನೆ ಬೇರೆಯವರ ಪಾಲಾಯಿತು. ನಾಲ್ಕು ತಿಂಗಳ ನಂತರ ಇಬ್ಬರೂ ಕುಣಿಯಲು ಬಂದರು. ಇಬ್ಬರೂ ನಗಲಿಲ್ಲ. ನೃತ್ಯ ಮೊದಲಿಗಿಂತ ಎಷ್ಟೋ ಮೇಲಾಗಿತ್ತು. ಸಮಿತಿಯವರು ನನ್ನ ಕೈ ಕುಲುಕಿದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದೆ. ಬಿದ್ದ ದಿನವೇ ಹೇಳಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ನಿಲ್ಲಿಸಿದಳು. “ನಾಳೆ ಬೆಳಗ್ಗೆ ಹೋಗಿ ಇಬ್ಬರ ಮುಂದೂ ಹೇಳಿಬಿಡಿ” ಅಂದಳು. ಆಯಿತು ಎಂದೆ. ಒಂದು ವಾರ ಬಿಟ್ಟು ಕೇಳಿದಳು, ಒಂದು ತಿಂಗಳು ಬಿಟ್ಟು ಕೇಳಿದಳು, ಪ್ರತಿ ವರ್ಷದ ಮೊದಲ ಪ್ರದರ್ಶನದ ದಿನ ಕೇಳುತ್ತಿದ್ದಳು. ಆರೇಳು ವರ್ಷದ ಮೇಲೆ ಕೇಳುವುದನ್ನು ಬಿಟ್ಟಳು. ಅವಳು ಮರೆತಳು ಎಂದು ನಾನು ತಿಳಿದೆ. ತಿಳಿದೆ ಎಂದರೆ, ತಿಳಿಯಲು ಇಷ್ಟಪಟ್ಟೆ.

ಇದೆಲ್ಲವನ್ನೂ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನನ್ನ ಕೈಯಲ್ಲಿರುವ ಹಾಳೆಯಲ್ಲಿ ಈ ಜಾಗದಲ್ಲಿ ‘ಕಲೆ ಅಮರ’ ಎಂದಿದೆ.

ಅಧ್ಯಕ್ಷರೇ, ತಾವು ದಯಮಾಡಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಮೇಡಂ ಆ ಕಡೆಗೆ ಹೋಗುತ್ತಿದ್ದಾರೆ. ಸಾರ್, ತಾವು ಏಳಬೇಡಿ, ಮಂಡಿ ನೋವಿದೆ ಎಂದು ಆಗ ಹೇಳಿದಿರಿ. ಎದ್ದರು. ಫೋಟೋದವರು ಸ್ವಲ್ಪ ದೂರ ನಿಂತರೆ ಒಳ್ಳೆಯದು. ಸ್ಮರಣಿಕೆ ಆಮೇಲೆ ಕೊಟ್ಟರಾಯಿತು.

ಮೇಡಂ ಈಗ ಸಾರ್ ಅವರ ಬಲಗೈ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಅವರು ಹೇಳುತ್ತಿರುವುದೇನೆಂದರೆ, ಸಭಿಕರೇ, ಮೇಡಂ ಹೇಳುತ್ತಿರುವುದೇನೆಂದರೆ…

ಕ್ಷಮಿಸಿ. ಅಭ್ಯಾಸಬಲ. ನನಗೆ ಕೇಳಿಸುತ್ತಿಲ್ಲ.

ಒಂದು ಮಾತನ್ನು ಮಾತ್ರ ತಿದ್ದದೆ ಹೇಳುತ್ತೇನೆ. ನನಗೆ ಹೇಳಿ ಕಳಿಸಿದ್ದರು, ನಾನು ಹೇಳಲಿಲ್ಲ. ತಪ್ಪು ನನ್ನದು. ಅವರಿಬ್ಬರೂ ಇದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುವುದಿಲ್ಲ. ಅವರಿಗೆ ಬೇರೆ ಮಾತಿದೆ. ಹತ್ತೊಂಬತ್ತು ವರ್ಷದ್ದು.

ಇಲ್ಲಿಯವರೆಗೆ ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಬೆಳಕಿನವರಿಗೆ, ಧ್ವನಿವರ್ಧಕದವರಿಗೆ, ತಮ್ಮ ಲೇಖನಗಳನ್ನು ಈಗ ಏನು ಮಾಡುವುದೆಂದು ಯೋಚಿಸುತ್ತಿರುವ ವಿಮರ್ಶಕರಿಗೆ, ಮತ್ತು ಮೂರನೆಯ ಸಾಲಿನಲ್ಲಿ ಎದ್ದು ನಿಂತು ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ನನ್ನ ಹೆಂಡತಿಗೆ ನನ್ನ ವಂದನೆಗಳು. ವೇದಿಕೆಯ ಮೇಲಿನ ಇಬ್ಬರಿಗೆ ವಂದನೆ ಹೇಳಬೇಕಾಗಿತ್ತು, ಆದರೆ ನಡುವೆ ಹೋಗಲಾರೆ.

ನಮಸ್ಕಾರ.