ಕರ್ಪೂರದ ತಟ್ಟೆ

ಮಾನ್ಯ ಅಧ್ಯಕ್ಷರಾದ ನಂದೀಶ್ವರಯ್ಯನವರೇ, ಮಧುಗಿರಿಯ ಪಾನನಿರೋಧ ಸಂಘದ ಹಿರಿಯರೇ, ಸಭಿಕರೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ನನ್ನ ಗೆಳೆಯರೇ,

ಈ ಸಂಜೀವಯ್ಯ ಪಂಡಿತನಿಗೆ ಶಾಲು ಹೊದಿಸಿದ್ದೀರಿ, ಸಂತೋಷ. ಆದರೆ ಇದಾದ ಮೇಲೆ ಹಿಂದಿನ ಸಾಲಿನ ಹನ್ನೆರಡು ಮಂದಿ ತಮ್ಮ ಮಕ್ಕಳ ತಲೆ ಮುಟ್ಟಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರಿಸಿ, ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಆಣೆ ಮಾಡಬೇಕಂತೆ. ಅದು ಆಗಕೂಡದು. ಅದನ್ನು ಹೇಳುವುದಕ್ಕೇ ನಾನು ಬಂದದ್ದು.

ಕುಡಿತ ಬಿಡಿಸುವ ನನ್ನ ಔಷಧ ಯಾವುದು ಎಂದು ಕೇಳುತ್ತೀರಿ. ಗುಟ್ಟೇನಿದೆ? ಹೆಂಡದಂಗಡಿ ತುಂಬುವ ಹೊತ್ತಿಗೆ ಈ ಹಿಂದಿನ ಸಾಲಿನವರು ನನ್ನ ಅಂಗಳಕ್ಕೆ ಬರುತ್ತಾರೆ, ಒರಳಿನಲ್ಲಿ ಅಳಲೆಕಾಯಿ ಕುಟ್ಟುತ್ತಾರೆ, ರಾಗಿ ಅಂಬಲಿ ಕುಡಿದು ಮನೆಗೆ ಹೋಗುತ್ತಾರೆ. ಆ ಚೂರ್ಣ ಅವರಿಗಲ್ಲ, ನಿಮಗೆ. ನಿಮ್ಮಲ್ಲಿ ಎಷ್ಟು ಜನರ ಹೊಟ್ಟೆ ಕುಡುಕರ ಕೈಯಿಂದ ಸರಿಹೋಗಿದೆ ಎಂದು ಹೆಸರು ಹಿಡಿದು ಹೇಳಲೇ? ಬೇಡ, ಅಧ್ಯಕ್ಷರು ಆಗಲೇ ಕೆಮ್ಮುತ್ತಿದ್ದಾರೆ.

ಹೋದ ತಿಂಗಳು ನಮ್ಮ ಬೈರಪ್ಪ ಬಾಗಿಲಾಚೆಯೇ ನಿಂತ.

"ನೆನ್ನೆ ಕುಡ್ದ್‌ಬುಟ್ಟೆ ಪಂಡಿತ್ರೇ. ಯಾವ್ ಮಕ ಹೊತ್ಕೊಂಡ್ ಒಳೀಕ್ ಬರ್ಲಿ?"

"ಕುಟ್ಟೋದು ಮಕದಾಗಲ್ಲ ಕಣ್ಲಾ, ಕೈಯಾಗೆ. ಬಾ ಒಳೀಕೆ."

ಬಂದ. ಆಣೆ ಮಾಡಿದ್ದರೆ ಬರುತ್ತಿದ್ದನೇ?

ಪುರವರದಲ್ಲಿ ಒಬ್ಬ ರೈತ ಆಣೆ ಮಾಡಿದ್ದ, ಇದ್ದೊಬ್ಬ ಮಗನ ತಲೆ ಮುಟ್ಟಿ. ಮೂರು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಆಮೇಲೆ ಒಂದು ಮದುವೆಯಲ್ಲಿ ಒಂದು ಬಟ್ಟಲು. ಒಂದೇ. ಮನೆಯ ಹೊರಗೆ ನಿಂತು ಕೂಗಿದ: "ಮಗ ಉಸ್ರಾಡ್ತಾವ್ನೇನೇ?"

"ಆಡ್ತಾವ್ನೆ, ನೀ ಒಳೀಕ್ ಬಾ" ಅಂದಳು ನಮ್ಮವ್ವ.

ಬರಲಿಲ್ಲ. ಆಣೆ ಮುರಿದ ತಾನು ಹೊಸಿಲು ದಾಟಿದರೆ ಮಗ ಸಾಯುತ್ತಾನೆಂದು ಹೆದರಿ ಪಾವಗಡದ ಕಡೆ ಹೋದ. ಅಲ್ಲೇ ಕುಡಿದು ಕುಡಿದು ಸತ್ತ.

ನಮ್ಮವ್ವ ಎಂದೆನೇ? ಎಂದೆ, ಇರಲಿ. ಆ ಮಗ ಸಾಯಲಿಲ್ಲ. ಐವತ್ತೆರಡು ವರ್ಷದವನಾಗಿ ನಿಮ್ಮ ಶಾಲು ಹೊದ್ದು ನಿಂತಿದ್ದಾನೆ. ಅಪ್ಪನಿಗೆ ಅದು ತಿಳಿಯದೇ ಹೋಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಆದ್ದರಿಂದ ಅಧ್ಯಕ್ಷರೇ, ತಟ್ಟೆಯಲ್ಲಿದ್ದ ಕರ್ಪೂರವನ್ನು ಹುಡುಕಬೇಡಿ. ಮಾತಿಗೆ ಏಳುವಾಗಲೇ ಜೇಬಿಗೆ ಹಾಕಿಕೊಂಡಿದ್ದೇನೆ. ಸಂಘ ಬೇಕಾದರೆ ಶಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿ, ಕರ್ಪೂರ ಮಾತ್ರ ಕೊಡಲಾರೆ.

ಹಿಂದಿನ ಸಾಲಿನವರೇ, ಮಕ್ಕಳ ಕೈ ಹಿಡಿದು ಮನೆಗೆ ನಡೆಯಿರಿ. ನಾಳೆ ಸಂಜೆ ಅಂಗಳಕ್ಕೆ ಬನ್ನಿ. ಕುಡಿದಿದ್ದರೂ ಬನ್ನಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.