ಭಂಡಾರದ ಕಾವಲು

ಇಂದಿನ ವಾರ್ಷಿಕೋತ್ಸವದ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ, ನನ್ನ ಮುಖಕ್ಕೆ ಮೊದಲ ಸಲ ಬಣ್ಣ ಹಚ್ಚಿದ ಗುರುಗಳಾದ ನಾಗಯ್ಯ ಮೇಷ್ಟ್ರೇ, ಗುಂಡ್ಲುಪೇಟೆಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಶಾಲು ಹೊದೆಯಲಿರುವ ಶ್ರೀಮಾನ್ ರಂಗಸ್ವಾಮಿಯವರೇ, ಭೀಮನಬೀಡಿನ ತಾಯಂದಿರೇ, ಕಂಬದ ಮರೆಯಲ್ಲಿ ಬೀಡಿ ಸೇದುತ್ತಿರುವ ಕಲಾರಸಿಕರೇ, ಸಭಿಕರೇ!

ಮೈಕಿನವರೇ, ಸೌಂಡು ಕಡಿಮೆ ಮಾಡಿ. ನನ್ನ ಗಂಟಲನ್ನು ನಿಮ್ಮ ಪೆಟ್ಟಿಗೆ ತಡೆಯುವುದಿಲ್ಲ. ಮೈಕೇ ಇಲ್ಲದ ಕಾಲದಲ್ಲಿ ಇದೇ ಅಟ್ಟದ ಮೇಲೆ ರಾಜಾ ಚಂಡವರ್ಮನಾಗಿ ನಿಂತು, ಊರಾಚೆ ಮಲಗಿದ್ದ ಎತ್ತುಗಳನ್ನು ಎಬ್ಬಿಸಿದ ಚಿಕ್ಕಮಲ್ಲಪ್ಪ ನಾನು.

ನನಗೆ ಕೊಟ್ಟಿರುವುದು ಐದು ನಿಮಿಷ. ಆಡಬೇಕಾದ ಮಾತನ್ನೂ ಸಂಘದವರೇ ಕೊಟ್ಟಿದ್ದಾರೆ. ರಂಗಸ್ವಾಮಿಯವರು ನಮ್ಮ ನಾಟಕ ಸಂಘಕ್ಕೆ ಈ ಹೊಸ ಪರದೆಯನ್ನು ದಾನ ಮಾಡಿದ್ದಾರೆ. ಬರುವ ಸೋಮವಾರ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಎದುರು ಹಣ ರವಾನೆಯ ಕೌಂಟರು ತೆರೆಯುತ್ತಿದ್ದಾರೆ. ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರು ಕಡಿಮೆ ಖರ್ಚಿನಲ್ಲಿ ಕಳಿಸಿದ ಹಣ ಇನ್ನು ಮೇಲೆ ರಂಗಸ್ವಾಮಿಯವರ ಕೈಯಿಂದಲೇ ನಿಮ್ಮ ಕೈಗೆ ಬರುತ್ತದಂತೆ. 'ನೀನು ಮಸ್ಕತ್ತಲ್ಲಿ ದುಡ್ದೋನು. ನೀನು ಯೋಳಿದ್ರೆ ಎಂಗಸ್ರು ನಂಬ್ತಾರೆ. ನಾಕ್ ಒಳ್ಳೆ ಮಾತು ಆಡ್ಬುಡು ಕಣ್ಲಾ' ಎಂದರು ಸಂಘದವರು. ಆಡುತ್ತೇನೆ. ಆಡದೆ ಬಿಡುತ್ತೇನೆಯೇ?

ಸಭಿಕರೇ, ಮಸ್ಕತ್ತಿನ ಬಿಸಿಲಿನಲ್ಲಿ ಸಾರುವೆ ಹತ್ತಿ ಗೋಡೆಗೆ ಗಾರೆ ಮೆತ್ತುವುದು ಕಷ್ಟವಲ್ಲ. ಮೆತ್ತಿ ಗಳಿಸಿದ್ದನ್ನು ಮನೆಗೆ ಮುಟ್ಟಿಸುವುದಿದೆಯಲ್ಲ, ಅದು ಕಷ್ಟ! ಅಲ್ಲಿ ಗಾಜಿನ ಹಿಂದೆ ಟೈ ಕಟ್ಟಿಕೊಂಡು ಕುಳಿತವನಿಗೆ, ಕಳಿಸುವುದು ಚೂರಾದರೂ ಅದೇ ಶುಲ್ಕ, ಚೀಲವಾದರೂ ಅದೇ ಶುಲ್ಕ. ಸಾಲದೆಂದು ರೇಟಿನಲ್ಲೂ ಒಂದು ಕಚ್ಚು. ಡ್ರಾಫ್ಟು ಅಂಚೆಯಲ್ಲಿ ಬಂದು, ಇಲ್ಲಿ ಪಾಸಾಗಿ, ಬಿತ್ತನೆಗೆಂದು ಕಳಿಸಿದ ಹಣ ಕೊಯ್ಲಿಗೆ ಬರುತ್ತಿತ್ತು. ನನ್ನ ಹೆಂಡತಿ ಸುಂದ್ರಮ್ಮ ಬ್ಯಾಂಕಿಗೆ ಹೋದರೆ, 'ನಿನ್ನ ಗುರುತು ಹೇಳುವವರು ಯಾರಮ್ಮ?' ಎಂದರು. ಬೆವರು ಯಾರದು ಸ್ವಾಮಿ? ಕಚ್ಚಿ ತಿಂದವರು ಯಾರು? ಗುರುತು ಹೇಳಬೇಕಾದವರು ಯಾರು?

ಅದಕ್ಕೇ ನಾವು ಗಡಿಯಾಚೆಯ ಬತ್ತೇರಿಯ ದಾರಿ ಹಿಡಿದೆವು. ಕಾನೂನು ಒಪ್ಪುವ ದಾರಿಯಲ್ಲ. ಸಭೆಯಲ್ಲಿ ಪೊಲೀಸಿನವರಿದ್ದರೆ ದಯವಿಟ್ಟು ಇದನ್ನು ನಾಟಕದ ಕಥೆಯೆಂದು ತಿಳಿಯಬೇಕು. ಮಸ್ಕತ್ತಿನಲ್ಲಿ ಒಬ್ಬನ ಕೈಗೆ ಹಣ ಕೊಟ್ಟರೆ, ಇಲ್ಲಿ ಬತ್ತೇರಿಯ ಮೊಯ್ದು ಕಾಕ ಸ್ಕೂಟರಿನಲ್ಲಿ ಕಾಡು ದಾಟಿ ಬಂದು ಮನೆಗೇ ತಲುಪಿಸುತ್ತಿದ್ದ. ಅವನಿಗೂ ಒಂದೊಂದು ಮನೆಗೆ ಒಂದೊಂದು ಕೂಲಿ. ನಾವು ಕಂಜೂಸರು! ನಾನು, ರಂಗನಾಯಕ, ಗುರುಮಲ್ಲಯ್ಯ, ಮೂವರೂ ಇದೇ ಸಂಘದ ನಟರು, ಅಲ್ಲಿ ಒಂದೇ ರೂಮಿನವರು. ಮೂವರ ಹಣವನ್ನೂ ಒಂದೇ ಗಂಟು ಮಾಡಿ ನನ್ನ ಮನೆಗೆ ಕಳಿಸುತ್ತಿದ್ದೆವು. ಸುಂದ್ರಮ್ಮ ಅದನ್ನು ಮೂರು ಪಾಲು ಮಾಡಿ ಹಂಚುತ್ತಿದ್ದಳು. ಮೂರು ಮನೆಗೆ ಒಂದೇ ಕೂಲಿ.

ಹಣ ಸರಿಯಾದ ಮನೆಗೇ ಸೇರಿತೆಂದು ಕಾಕನಿಗೆ ಗೊತ್ತಾಗುವುದು ಹೇಗೆ? ಬೇರೆಯವರು ನೋಟಿನ ಮೇಲಿನ ನಂಬರನ್ನು ಗುರುತಾಗಿ ಇಡುತ್ತಿದ್ದರು. ನಟರಾದ ನಾವು ನಂಬರಿಗೆ ಇಳಿಯುವುದೇ? ಛೆ! ನಾಟಕದ ಮಾತನ್ನೇ ಗುರುತು ಮಾಡಿದೆವು. ಕಾಕ ಬಾಗಿಲಲ್ಲಿ ನಿಂತು ರಾಜನ ಮಾತು ಹೇಳಬೇಕು. 'ಎಲೈ ಮಂತ್ರೀ, ನನ್ನ ಭಂಡಾರಕ್ಕೆ ಬೀಗವೇಕಿಲ್ಲ?' ಮನೆಯೊಳಗಿನಿಂದ ಮಂತ್ರಿಯ ಉತ್ತರ ಬರಬೇಕು...

ಆಹಾ! ಕೇಳಿದಿರಾ? ನಾನು ಬಾಯಿ ಮುಚ್ಚುವ ಮೊದಲೇ ಇಡೀ ಸಭೆ ಕೂಗಿತು. 'ಬಡವರ ನಂಬಿಕೆಯೇ ಕಾವಲು, ಮಹಾಪ್ರಭೂ!' ಅಗೋ, ಮೊಲೆಹಾಲು ಬಿಡದ ಕೂಸೂ ತೊದಲಿತು. ಇದೇ ಸ್ವಾಮಿ ನಾವು ಮಾಡಿದ ಮೂರ್ಖತನ! ಊರಿಗೆ ಊರೇ ಬಾಯಿಪಾಠ ಮಾಡಿದ ಮಾತನ್ನು ಬೀಗ ಮಾಡಿ ಜಡಿದೆವು. ಪ್ರತಿಯೊಬ್ಬರ ಬಾಯಲ್ಲೂ ಬೀಗದಕೈ!

ಐದು ವರ್ಷದ ಹಿಂದೆ, ಸುಂದ್ರಮ್ಮ ಚೆಂಡುಹೂವು ಕೀಳಲು ಹೋಗಿದ್ದ ಒಂದು ಮಧ್ಯಾಹ್ನ, ಕಾಕ ಬಂದ. ನಮ್ಮ ಜಗಲಿಯ ಮೇಲೆ ಒಬ್ಬ ಮನುಷ್ಯ ಕುಳಿತಿದ್ದ. ಕಾಕ ರಾಜನ ಮಾತು ಹೇಳಿದ, ಈ ಮನುಷ್ಯ ಮಂತ್ರಿಯ ಮಾತು ಹೇಳಿದ, ಗಂಟು ಪಡೆದ, ಎದ್ದು ಹೋದ. ಮುಗಿಯಿತು.

ಮುಗಿಯಿತೇ? 'ಮಾತು ಸರಿಯಾಗಿ ಬಂತು, ಹಣ ಕೊಟ್ಟಾಯಿತು' ಎಂದರು ಮಸ್ಕತ್ತಿನವರು. ಕಾಕನನ್ನೇ ಕೇಳೋಣವೆಂದರೆ ಅವನು ಅಷ್ಟರಲ್ಲಿ ಆ ಕೆಲಸ ಬಿಟ್ಟು ಎಲ್ಲೋ ಹೋಗಿದ್ದ. 'ಬಂದೇ ಇಲ್ಲ' ಎಂದಳು ಸುಂದ್ರಮ್ಮ. ಅವಳನ್ನು ಯಾರು ನಂಬುತ್ತಾರೆ? ರಂಗನಾಯಕನ ಹೆಂಡತಿ ಗುರುಮಲ್ಲಮ್ಮ, ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ, ನಲ್ಲಿಯ ಹತ್ತಿರ ನಿಂತು ಅಂದಳು: 'ಮೂರ್ ಮನೆ ಅನ್ನ ನುಂಗ್ಬುಟ್ಟು ಎಂಗ್ ನಿಂತವ್ಳೆ ನೋಡು! ಗಂಡಂಗಿಂತ ಇವ್ಳೇ ಒಳ್ಳೆ ಪಾರ್ಟು ಮಾಡ್ತಾಳೆ ಕಣಮ್ಮಿ!' ತಲೆ ತಗ್ಗಿಸಬೇಡ ತಾಯಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹೋದದ್ದು ನಿನ್ನ ಗಂಡನ ಬೆವರು. ಪೊಲೀಸ್ ಸ್ಟೇಷನ್ನಿಗೆ ಹೋಗೋಣವೆಂದರೆ ಏನೆಂದು ಬರೆಸುವುದು? ಕಳ್ಳದಾರಿಯಲ್ಲಿ ತರಿಸಿದ ಹಣವನ್ನು ಕಳ್ಳ ಹೊತ್ತನೆಂದೇ?

ಸುಂದ್ರಮ್ಮ ಓಲೆ ಮಾರಿದಳು. ಕರೆಯುವ ಎಮ್ಮೆ ಮಾರಿದಳು. ಎರಡೂ ಮನೆಯ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟಳು. ಆಗ ಊರು ಏನೆಂದಿತು ಗೊತ್ತೇ? 'ಕದ್ದಿಲ್ದಿದ್ರೆ ಯಾಕ್ಲಾ ಕೊಟ್ಟಾಳು?' ಭಲೇ! ಭಲೇ ನ್ಯಾಯ! ಕೊಡದಿದ್ದರೆ ಕಳ್ಳಿ, ಕೊಟ್ಟರೆ ಖಂಡಿತ ಕಳ್ಳಿ!

ನಾನು ಅವಳನ್ನು ಅನುಮಾನಿಸಲಿಲ್ಲ. ಒಂದು ದಿನವೂ ಇಲ್ಲ. ಫೋನಿನಲ್ಲಿ ಒಂದೇ ಒಂದು ಸಲ, 'ನನ್ನ ಹತ್ರನಾದ್ರೂ ನಿಜ ಹೇಳು' ಅಂದೆ, ಅಷ್ಟೇ. ರೂಮಿನಲ್ಲಿ ಅವರಿಬ್ಬರೂ ಪಕ್ಕದಲ್ಲೇ ನಿಂತಿದ್ದರು, ಏನಾದರೂ ಕೇಳಲೇಬೇಕಿತ್ತು. ಅವಳು ಉತ್ತರ ಕೊಡಲಿಲ್ಲ. ಲೈನು ಕಟ್ಟಾಗಿತ್ತೋ ಏನೋ... ಇರಲಿ. ವಿಷಯಕ್ಕೆ ಬರೋಣ.

ಇದೇ ಅಟ್ಟದ ಪರದೆಯ ಹಿಂದೆ ನಿಂತು ನಮಗೆಲ್ಲ ಮಾತು ಎತ್ತಿಕೊಡುತ್ತಿದ್ದವಳು ಯಾರು? ಸುಂದ್ರಮ್ಮ. ರಾಜ ತೊದಲಿದರೆ, ರಾಣಿ ಮರೆತರೆ, ಪಿಸುಮಾತಿನಲ್ಲಿ ರಾಜ್ಯವನ್ನೇ ಉಳಿಸುತ್ತಿದ್ದವಳು. ಅಂದಿನಿಂದ ಅವಳು ಅಟ್ಟ ಹತ್ತಲಿಲ್ಲ, ನಾಟಕ ನೋಡಲಿಲ್ಲ. ಈವತ್ತು ಬಂದಿದ್ದಾಳೆ. ಅಗೋ, ಹೊಂಗೆಮರದ ಕೆಳಗೆ ಒಬ್ಬಳೇ ನಿಂತಿದ್ದಾಳೆ.

ಹೋದ ವಾರ ಈ ನಾಟಕದ ಲೈಟು ಗೊತ್ತುಮಾಡಲು ಬತ್ತೇರಿಗೆ ಹೋಗಿದ್ದೆ. ಮೊಯ್ದು ಕಾಕ ಈಗ ಅಲ್ಲೊಂದು ಬೇಕರಿ ಇಟ್ಟಿದ್ದಾನೆ. ಹಳೆಯ ಸಲುಗೆ. ಚಹಾ ಕೊಟ್ಟ. ನಾನು ಈವತ್ತಿನ ಸಮಾರಂಭದ ಕರಪತ್ರ ಕೊಟ್ಟೆ. ಅದರಲ್ಲಿದ್ದ ಫೋಟೋ ನೋಡಿ ಅವನ ಮುಖ ಅರಳಿತು. 'ಅಯ್ಯೋ, ನಿಮ್ಮ ಅನಿಯನ್‌ಗೆ ಸನ್ಮಾನವಾ? ಒಳ್ಳೆ ಆಳು! ಅವತ್ತು ಮೊಣಕಾಲೂರಿ ಡೈಲಾಗು ಹೇಳಿದ್ದು ಈಗಲೂ ಕಣ್ಣಲ್ಲಿದೆ. ದುಡ್ಡು ಕೊಡುವಾಗ ನನಗೇ ನಗು ಬಂತು.' ಅನಿಯನ್ ಅಂದರೆ ಮಲಯಾಳದಲ್ಲಿ ತಮ್ಮ.

ಸಭಿಕರೇ, ನನ್ನ ಹೆತ್ತವ್ವ ನನ್ನೊಬ್ಬನನ್ನೇ ಹೆತ್ತಳು!

ಮೊಣಕಾಲೂರಿ ಆ ಮಾತು ಹೇಳುವ ಮಂತ್ರಿ ಈ ಸಂಘದಲ್ಲಿ ಎಷ್ಟು ಜನ? ಇಪ್ಪತ್ತು ವರ್ಷ ಒಬ್ಬನೇ ಒಬ್ಬ. ಕರಪತ್ರದಲ್ಲಿ ಎಷ್ಟು ಫೋಟೋ? ಒಂದೇ ಒಂದು. ತಾಯಂದಿರೇ, ನಿಮ್ಮ ಗಂಡಂದಿರು ಕಳಿಸುವ ಹಣವನ್ನು ಸೋಮವಾರದಿಂದ ಎಣಿಸುವ ಕೈ ಯಾರದು? ಅಗ್ಗ, ಬಹಳ ಅಗ್ಗ! ನನ್ನ ಹೆಂಡತಿಯ ಮಾನದಷ್ಟು ಅಗ್ಗ!

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ. ಐದು ನಿಮಿಷಕ್ಕೆ ಐದು ವರ್ಷ ಕಾದಿದ್ದೇನೆ. ರಂಗಸ್ವಾಮಿಯವರೇ, ಏಳಿ. ನಾನು ನನ್ನ ಮಾತು ಹೇಳುತ್ತೇನೆ, ನೀವು ನಿಮ್ಮದು ಹೇಳಿ. ಸಭೆ ಸುಮ್ಮನಿರಲಿ. 'ಎಲೈ ಮಂತ್ರೀ, ನನ್ನ ಭಂಡಾರಕ್ಕೆ ಬೀಗವೇಕಿಲ್ಲ?'

ಹೇಳಿ.

ಏನಾಯಿತು? ಕೂಸಿಗೂ ಬಂದ ಮಾತು ಮಂತ್ರಿಗೆ ಮರೆತುಹೋಯಿತೇ? ಎತ್ತಿಕೊಡುವವರು ಪರದೆಯ ಹಿಂದೆ ಯಾರೂ ಇಲ್ಲವೇ? ಇದ್ದಳಲ್ಲ. ಓಡಿಸಿದವರು ನೀವೇ ಅಲ್ಲವೇ?

ಇರಿ! ಇರಿ... ಹೊಂಗೆಮರದ ಕಡೆಯಿಂದ ಯಾರೋ ಹೇಳಿದರು. ಎಲ್ಲರಿಗೂ ಕೇಳಿಸಿತಲ್ಲ? ಪಿಸುಮಾತಲ್ಲ, ಎದೆ ತುಂಬಿದ ಮಾತು. ಇನ್ನೊಮ್ಮೆ ಹೇಳಬೇಕಾಗಿಲ್ಲ ಸುಂದ್ರಾ, ಸಾಕು. ಮಂತ್ರಿಗಳು ಎದ್ದು ಹೊರಟರು. ದಾರಿ ಬಿಡಿ, ಯಾರೂ ಕೈ ಮಾಡಬೇಡಿ. ಆ ಪರದೆಯನ್ನು ಬಿಚ್ಚಿ ಅವರ ಜೊತೆಗೇ ಕಳಿಸಿ. ಈ ರಾತ್ರಿ ಹರಿದ ಹಳೆಯ ಪರದೆಯಲ್ಲೇ ನಾಟಕ ನಡೆಯಲಿ.

ಇಷ್ಟು ಹೊತ್ತು ಸಹಿಸಿಕೊಂಡ ಗುರುಗಳಿಗೆ, ಮೈಕಿನ ವೈರು ಕೀಳದ ಸೌಂಡಿನವರಿಗೆ, ಮಿಸುಕದೆ ಕೇಳಿದ ನಿಮಗೆಲ್ಲರಿಗೂ ಕೃತಜ್ಞತೆಗಳು. ಗುರುಮಲ್ಲಮ್ಮ, ಎದ್ದೆಯಾ? ಎತ್ತ ಕಡೆ ತಾಯಿ... ಹೊಂಗೆಮರದ ಕಡೆಗೆಯೇ? ಹೋಗು. ಕೈ ಹಿಡಿದು ಕರಕೊಂಡು ಬಾ. ಮುಂದಿನ ಸಾಲಿನವರೇ, ಸ್ವಲ್ಪ ಜರುಗಿ, ಜಾಗ ಬಿಡಿ.

ನಮಸ್ಕಾರ.